ಜ್ಞಾನಭಾರತಿಯಿಂದ ರಾಮನಗರದವರೆಗೆ: ಅಮಿತಾಭ್ ಬಗ್ಗೆ ನೀವು ಕೇಳಿದ್ದು

ಹಿಂದಿ ಸಿನಿಮಾ ಬಗ್ಗೆ ಏನು ಬೇಕಾದರೂ ಕೇಳಿ ಎಂದಿದ್ದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರ ಬಗ್ಗೆಯೇ ಇದ್ದವು. ಅಮಿತಾಭ್ ಬಚ್ಚನ್. ಅದರಲ್ಲೂ ನಮ್ಮ ಊರಿಗೂ ಅವರಿಗೂ ಇರುವ ನಂಟಿನ ಬಗ್ಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ದಿನಾ ಬೆಳಗ್ಗೆ ಜ್ಞಾನಭಾರತಿ ಆವರಣದಲ್ಲಿ ವಾಕಿಂಗ್ ಹೋಗುತ್ತೇನೆ. ‘ಕೂಲಿ’ ಶೂಟಿಂಗ್‌ನಲ್ಲಿ ಅಮಿತಾಭ್‌ಗೆ ಪೆಟ್ಟು ಬಿದ್ದಿದ್ದು ಇಲ್ಲೇ ಅಂತ ಜೊತೆಗೆ ಬರುವ ಹಿರಿಯರೊಬ್ಬರು ಹೇಳುತ್ತಾರೆ. ನಿಜವಾ? ಏನಾಗಿತ್ತು?
(ನಾಗರಭಾವಿಯ ಓದುಗರು)

ಉತ್ತರ: ನಿಜ. ನಿಮ್ಮ ಹಿರಿಯರು ಸರಿಯಾಗಿಯೇ ಹೇಳಿದ್ದಾರೆ. 1982ರ ಜುಲೈ ಕೊನೆಯ ವಾರ ಅದು. ನಿರ್ದೇಶಕ ಮನಮೋಹನ್ ದೇಸಾಯಿ ಅವರ ತಂಡ ಬೆಂಗಳೂರು ವಿಶ್ವವಿದ್ಯಾಲಯದ ಇದೇ ಜ್ಞಾನಭಾರತಿ ಆವರಣದಲ್ಲಿ ಹೊಡೆದಾಟದ ದೃಶ್ಯ ತೆಗೆಯುತ್ತಿತ್ತು. ಎದುರಿಗೆ ಇದ್ದವರು ಪುನೀತ್ ಇಸ್ಸಾರ್, ಆಗಿನ್ನೂ ಹೊಸಬರು. ಲೆಕ್ಕ ಇದ್ದಿದ್ದು ಹೀಗೆ: ಗುದ್ದು ತಿಂದ ಅಮಿತಾಭ್ ಮೇಜಿನ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಉರುಳಬೇಕು. ಆದರೆ ನೆಗೆತದ ಸಮಯ ಒಂಚೂರು ತಪ್ಪಿತು. ಮೇಜಿನ ಮೂಲೆ ಸೀದಾ ಹೊಟ್ಟೆಗೆ ಹೊಡೆಯಿತು.

ಒಂದು ತೊಟ್ಟು ರಕ್ತವೂ ಹೊರಗೆ ಬರಲಿಲ್ಲ. ಮೋಸವಾಗಿದ್ದೇ ಅಲ್ಲಿ. ಅಂಥದ್ದೇನೂ ಆಗಿಲ್ಲ ಅಂತಲೇ ಮೊದಲು ಎಲ್ಲರೂ ಅಂದುಕೊಂಡರು. ಒಳಗೆ ಕರುಳಿಗೆ ಏಟಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ನಂಜು ಏರಿತ್ತು. ಸೇಂಟ್ ಫಿಲೋಮಿನಾ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ವಿಮಾನದಲ್ಲಿ ಬಾಂಬೆಗೆ ಒಯ್ದು ಬ್ರೀಚ್ ಕ್ಯಾಂಡಿ ಆಸ್ಪತ್ರೆಗೆ ಸೇರಿಸಿದರು. ಆಗಸ್ಟ್ 2ರಂದು ಉಸಿರೇ ನಿಂತಂತಾಗಿತ್ತು. ಡಾಕ್ಟರ್‌ಗಳು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಡುತ್ತಾ ಹೋದರು. ಅಲ್ಲೇ ನಿಂತಿದ್ದ ಜಯಾ ಅವರಿಗೆ ಗಂಡನ ಕಾಲಿನ ಹೆಬ್ಬೆರಳು ಅಲ್ಲಾಡಿದ್ದು ಕಾಣಿಸಿತು. ಅವತ್ತಿನಿಂದ ಆಗಸ್ಟ್ 2 ಅಂದರೆ ಅಮಿತಾಭ್‌ಗೆ ಎರಡನೇ ಹುಟ್ಟುಹಬ್ಬ.

ನಾನಾಗ ಶ್ರೀರಾಮಪುರದಲ್ಲಿ ಏಳನೇ ಕ್ಲಾಸ್ ಓದುತ್ತಿದ್ದೆ. ನಮ್ಮ ಬೀದಿಯ ಕಟಿಂಗ್ ಶಾಪ್‌ನಲ್ಲಿ ಬೆಳಗ್ಗೆ ಪೇಪರ್ ಬರುವುದನ್ನೇ ಜನ ಕಾಯುತ್ತಿದ್ದರು. ಶಾಪ್‌ನವರು ಕತ್ತರಿ ಪಕ್ಕಕ್ಕಿಟ್ಟು ಗಟ್ಟಿಯಾಗಿ ಓದುತ್ತಿದ್ದರು. ಹಿಂದಿ ಒಂದಕ್ಷರ ಬಾರದ ನನ್ನಜ್ಜಿ ಗಣಪತಿ ಗುಡಿಯಲ್ಲಿ ಅವರ ಹೆಸರಿಗೆ ಅರ್ಚನೆ ಮಾಡಿಸಿದ್ದರು. ಪೂಜಾರಿ ಗೋತ್ರ ಯಾವುದಮ್ಮ ಎಂದು ಕೇಳಿದಾಗ ಅಜ್ಜಿ ನಮ್ಮ ಮನೆಯದ್ದನ್ನೇ ಹೇಳಿಬಿಟ್ಟರು. ನಮ್ಮೂರಿಗೆ ಬಂದವರಿಗೆ ಹೀಗಾಯಿತಲ್ಲ ಎಂಬ ಸಂಕಟ ಅದು.

ಇನ್ನೊಂದು ಮಾತು ಹೇಳಲೇಬೇಕು. ಆ ಏಟಿನ ನಂತರ ಪುನೀತ್ ಇಸ್ಸಾರ್ ಅವರನ್ನು ಜನ ಶತ್ರುವಿನಂತೆ ಕಂಡರು. ಕೈಯಲ್ಲಿದ್ದ ಸಿನಿಮಾಗಳು ಹೋದವು. ಆದರೆ ಅಮಿತಾಭ್, ಇಸ್ಸಾರ್ ಅವರನ್ನು ಆಸ್ಪತ್ರೆಗೆ ಕರೆಸಿಕೊಂಡು, ನಿನ್ನ ತಪ್ಪೇನೂ ಇಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು. ಇದನ್ನು ಇಸ್ಸಾರ್ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮೈತುಂಬಾ ನಳಿಕೆ ಚುಚ್ಚಿಸಿಕೊಂಡು ಮಲಗಿದಾಗ ಇನ್ನೊಬ್ಬರ ನೋವು ನೆನಪಾಗುವುದು ಸಣ್ಣ ಗುಣವಲ್ಲ.

1983ರ ಜನವರಿಯಲ್ಲಿ ಅವರು ಮತ್ತೆ ಶೂಟಿಂಗ್‌ಗೆ ಬಂದರು. ಮೂಲ ಕಥೆಯಲ್ಲಿ ನಾಯಕ ಕೊನೆಗೆ ಸಾಯಬೇಕಿತ್ತು. ಸಾವು ಗೆದ್ದು ಬಂದವರನ್ನು ಪರದೆ ಮೇಲೆ ಸಾಯಿಸುವುದು ಹೇಗೆ ಅಂತ ದೇಸಾಯಿ ಅದನ್ನು ಬದಲಿಸಿದರು. ಸಿನಿಮಾ ನೋಡುವಾಗ ಆ ಹೊಡೆದಾಟದ ನಡುವೆ ಚಿತ್ರ ಒಂದು ಕ್ಷಣ ನಿಂತು, ಪೆಟ್ಟು ಬಿದ್ದಿದ್ದು ಇಲ್ಲೇ ಎಂದು ಅಕ್ಷರಗಳು ಮೂಡುತ್ತವೆ. ನೀವು ದಿನಾ ಓಡಾಡುವ ಜಾಗದ ಒಂದು ಕ್ಷಣ ಅಲ್ಲಿ ಹಾಗೇ ನಿಂತುಬಿಟ್ಟಿದೆ.

ಆ ಏಟಿನ ಸಾಲ ಅಲ್ಲಿಗೂ ತೀರಲಿಲ್ಲ. ಆಗ ಕೊಟ್ಟ ರಕ್ತದಲ್ಲಿ ಯಾರದ್ದೋ ಒಬ್ಬರದ್ದರಲ್ಲಿ ಹೆಪಟೈಟಿಸ್ ಬಿ ಇತ್ತು. ಅದು ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಲಿವರ್‌ನ ಮುಕ್ಕಾಲು ಭಾಗ ಆಗಲೇ ಹಾಳಾಗಿತ್ತು, ಉಳಿದ ಕಾಲು ಭಾಗದಲ್ಲೇ ಬದುಕುತ್ತಿದ್ದೇನೆ ಎಂದು ಅವರೇ ಹೇಳಿದ್ದಾರೆ. ಇದನ್ನು ಮುಚ್ಚಿಡದೆ ಜನರ ಮುಂದೆ ಹೇಳಿ, ಟೆಸ್ಟ್ ಮಾಡಿಸಿಕೊಳ್ಳಿ, ಲಸಿಕೆ ಹಾಕಿಸಿ ಎಂದು ಊರೂರಿಗೆ ಸಾರಿದರು. ನೀವೂ ಒಮ್ಮೆ ಟೆಸ್ಟ್ ಮಾಡಿಸಿಕೊಳ್ಳಿ. ಸಣ್ಣ ರಕ್ತಪರೀಕ್ಷೆ ಅಷ್ಟೇ.

ಪ್ರಶ್ನೆ: 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಸಿ ಅಮಿತಾಭ್ ದಿವಾಳಿಯಾದರು ಅಂತಾರೆ. ಒಂದೇ ಒಂದು ಕಾರ್ಯಕ್ರಮದಿಂದ ಹಾಗಾಗುತ್ತಾ?
(ಮಲ್ಲೇಶ್ವರದ ಓದುಗರು)

ಉತ್ತರ: ಒಂದೇ ಕಾರ್ಯಕ್ರಮದಿಂದ ಅಲ್ಲ. ಆದರೆ ಅದು ದೊಡ್ಡ ಪೆಟ್ಟೇ.

ಅವರು ಎಬಿಸಿಎಲ್ ಅಂತ ಕಂಪನಿ ಮಾಡಿದ್ದರು. ಸಿನಿಮಾ ತಯಾರಿಕೆ, ಹಂಚಿಕೆ, ಕ್ಯಾಸೆಟ್, ಟಿವಿ, ಕಾರ್ಯಕ್ರಮ, ಎಲ್ಲಕ್ಕೂ ಒಟ್ಟಿಗೆ ಕೈ ಹಾಕಿದರು. ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆ ಸ್ಪರ್ಧೆ ನಡೆಯಿತು. ಗ್ರೀಸ್‌ನ ಐರೀನ್ ಸ್ಕ್ಲಿವಾ ಗೆದ್ದರು. ಹೊರಗೆ ಊರು ಕಾದ ಬಾಣಲೆಯಾಗಿತ್ತು. ಮಹಿಳಾ ಸಂಘಟನೆಗಳು, ರೈತ ಸಂಘದವರು, ಬೇರೆ ಬೇರೆ ಪಕ್ಷದವರು ಬೀದಿಗಿಳಿದಿದ್ದರು. ಈಜುಡುಗೆಯ ಸುತ್ತನ್ನು ಇಲ್ಲಿ ಬಿಟ್ಟು ಸೇಶೆಲ್ಸ್ ದ್ವೀಪದಲ್ಲಿ ನಡೆಸಬೇಕಾಯಿತು. ಎಂ.ಜಿ. ರೋಡ್ ಕಡೆ ಹೋದರೆ ಕಣ್ಣು ಹಾಯಿಸಿದಲ್ಲೆಲ್ಲ ಪೊಲೀಸರೇ. ವಿರೋಧಿಸಿದವರ ವಾದದಲ್ಲಿ ಹುರುಳಿತ್ತು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವುದು ನನಗೆ ಸೇರುವುದಿಲ್ಲ. ಆದರೆ ಆಮೇಲೆ ಅಮಿತಾಭ್ ನಡೆದುಕೊಂಡ ರೀತಿಯ ಬಗ್ಗೆ ನನಗೆ ಗೌರವ ಇದೆ.

ಕಾರ್ಯಕ್ರಮದಲ್ಲಿ ನಷ್ಟ. ಮುಂದಿನ ವರ್ಷ ಬಂದ ‘ಮೃತ್ಯುದಾತಾ’ ನೆಲಕಚ್ಚಿತು. ಕಂಪನಿ ರೋಗಗ್ರಸ್ತ ಎಂದು ಘೋಷಣೆಯಾಯಿತು. ಸುಮಾರು 90 ಕೋಟಿ ಸಾಲ ತಲೆ ಮೇಲಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದು ಕೂರುತ್ತಿದ್ದರಂತೆ. ಕೊನೆಗೆ ಒಂದು ಬೆಳಗ್ಗೆ ಅವರು ನಿರ್ಮಾಪಕ ಯಶ್ ಚೋಪ್ರಾ ಅವರ ಮನೆಗೆ ಹೋಗಿ, ಕೆಲಸ ಇಲ್ಲ, ಕೆಲಸ ಕೊಡಿ ಎಂದು ಕೇಳಿದರು. ಐವತ್ತೈದು ದಾಟಿದ ಮೇಲೆ, ಒಂದು ಕಾಲಕ್ಕೆ ಇಡೀ ಉದ್ಯಮವನ್ನೇ ಹೊತ್ತು ನಿಂತಿದ್ದ ಮನುಷ್ಯ ಬಾಯಿಬಿಟ್ಟು ಕೇಳುವ ಮಾತಾ ಅದು? ‘ಮೊಹಬ್ಬತೇ’ ಸಿಕ್ಕಿತು. ಬಿಳಿ ಗಡ್ಡದ ಅಪ್ಪನ ವಯಸ್ಸಿನ ಪಾತ್ರ. ಅದೇ 2000ದ ಜುಲೈನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾಯಿತು. ದೊಡ್ಡ ನಟರು ಟಿವಿಗೆ ಬಂದರೆ ಮರ್ಯಾದೆ ಹೋಗುತ್ತೆ ಎನ್ನುವ ಕಾಲ. ಅವರು ಬಂದರು. ಬಂದ ದುಡ್ಡಿನಲ್ಲಿ ಸಾಲ ತೀರಿಸುತ್ತಾ ಹೋದರು. ಆ ಕಾರ್ಯಕ್ರಮವೇ ಮುಂದೆ 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಆಗಿ ಬಂತು, ನಮ್ಮ ಅಪ್ಪು ಆ ಕುರ್ಚಿಯಲ್ಲಿ ಕೂತರು.

ಪ್ರಶ್ನೆ: ಕನ್ನಡ ಸಿನಿಮಾಗಳನ್ನು ಅಮಿತಾಭ್ ಹಿಂದಿಯಲ್ಲಿ ಮಾಡಿದ್ದಾರಾ? ಗೆಳೆಯರ ಜೊತೆ ಪಂದ್ಯ ಕಟ್ಟಿದ್ದೇನೆ.
(ರಾಜಾಜಿನಗರದ ಓದುಗರು)

ಉತ್ತರ: ಮಾಡಿದ್ದಾರೆ ಎಂದು ನೀವು ಪಂದ್ಯ ಕಟ್ಟಿದ್ದರೆ ಗೆದ್ದಿರಿ. ಅಣ್ಣಾವ್ರು ಮೂರು ಪಾತ್ರ ಮಾಡಿದ ‘ಶಂಕರ್ ಗುರು’ 1978ರದ್ದು. ಅದೇ ಹಿಂದಿಯಲ್ಲಿ 1983ಕ್ಕೆ ‘ಮಹಾನ್’ ಆಯಿತು, ಅಮಿತಾಭ್‌ಗೂ ಮೂರು ಪಾತ್ರ. ಎರಡನ್ನೂ ನೋಡಿದ್ದೇನೆ. ನನ್ನ ಮಟ್ಟಿಗೆ ಕನ್ನಡದ್ದೇ ಮೇಲು. ಮೂವರೂ ಬೇರೆ ಬೇರೆ ಮನುಷ್ಯರು ಅನ್ನಿಸುವಂತೆ ನಡಿಗೆಯಿಂದ ಹಿಡಿದು ಮಾತಿನವರೆಗೆ ಬದಲಿಸಿದ್ದು ರಾಜ್‌ಕುಮಾರ್.

ಎರಡನೆಯದು ಅಂಬರೀಶ್ ಅವರ ‘ಚಕ್ರವ್ಯೂಹ’. ಅದು 1984ರಲ್ಲಿ ಹಿಂದಿಗೆ ‘ಇಂಕಿಲಾಬ್’ ಎಂಬ ಹೆಸರಿನಲ್ಲಿ ಹೋಯಿತು. ಇಲ್ಲೊಂದು ಸೋಜಿಗ ಇದೆ. ಅಮಿತಾಭ್ ಹುಟ್ಟಿದ್ದು 1942ರ ಅಕ್ಟೋಬರ್ 11ರಂದು, ಅಲಹಾಬಾದಿನಲ್ಲಿ. ಕ್ವಿಟ್ ಇಂಡಿಯಾ ಚಳವಳಿಯ ಕಾವು. ಮಗುವಿಗೆ ಇಂಕಿಲಾಬ್ ಎಂದೇ ಹೆಸರಿಡಿ ಎಂಬ ಮಾತು ಬಂದಿತ್ತಂತೆ. ಕೊನೆಗೆ ಕವಿ ಸುಮಿತ್ರಾನಂದನ ಪಂತ್ ಅಮಿತಾಭ್ ಎಂಬ ಹೆಸರು ಸೂಚಿಸಿದರು. ತಂದೆ ಹರಿವಂಶರಾಯರು ಕವಿ, ಬಚ್ಚನ್ ಅನ್ನುವುದು ಅವರ ಕಾವ್ಯನಾಮ.

ಇನ್ನು ನೇರವಾಗಿ ಕನ್ನಡದಲ್ಲೇ ಅವರು ಕಾಣಿಸಿಕೊಂಡಿದ್ದು 2005ರ ‘ಅಮೃತಧಾರೆ’ಯಲ್ಲಿ. ನಾಗತಿಹಳ್ಳಿ ಚಂದ್ರಶೇಖರ್ ಅವರ ಸಿನಿಮಾ. ಅಮಿತಾಭ್ ಅದರಲ್ಲಿ ಅಮಿತಾಭ್ ಆಗಿಯೇ ಬಂದು ಹೋಗುತ್ತಾರೆ.

ಪ್ರಶ್ನೆ: ಆಕಾಶವಾಣಿ ಅವರ ದನಿಯನ್ನು ಬೇಡ ಅಂದಿತ್ತು ಎನ್ನುವುದು ಸುಮ್ನೆ ಕಟ್ಟಿದ ಕಥೆಯಾ?
(ಜಯನಗರದ ವಿದ್ಯಾರ್ಥಿನಿ)

ಉತ್ತರ: ಅಲ್ಲ, ಅವರೇ ಹೇಳಿಕೊಂಡಿದ್ದಾರೆ. ಆದರೆ ಸಿನಿಮಾದಲ್ಲಿ ಮುಖಕ್ಕಿಂತ ಮೊದಲು ಕೆಲಸಕ್ಕೆ ಬಂದಿದ್ದೂ ಅದೇ ದನಿ. 1969ರಲ್ಲಿ ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ನಲ್ಲಿ ನಿರೂಪಣೆ ಅವರದ್ದು. ಸತ್ಯಜಿತ್ ರಾಯ್ ಕೂಡ ‘ಶತರಂಜ್ ಕೆ ಖಿಲಾಡಿ’ಗೆ ದನಿಯನ್ನಷ್ಟೇ ಕರೆಸಿಕೊಂಡರು.

ಪ್ರಶ್ನೆ: ನನ್ನ ಮಗಳಿಗೆ 16. ಅವಳಿಗೆ ಅಮಿತಾಭ್ ಅಂದರೆ ಟಿವಿಯಲ್ಲಿ ಪ್ರಶ್ನೆ ಕೇಳುವ ತಾತ ಅಷ್ಟೇ. ‘ಆ್ಯಂಗ್ರಿ ಯಂಗ್ ಮ್ಯಾನ್’ ಎಂದು ಹೇಳಿ ಹಳೇ ಫೈಟಿಂಗ್ ಸಿನಿಮಾ ತೋರಿಸಿದೆ. ಅವಳಿಗೆ ಹಿಡಿಸಲಿಲ್ಲ. ಎಲ್ಲಿಂದ ಶುರು ಮಾಡಲಿ ಸಾರ್?
(ಕೆಂಗೇರಿಯ ಓದುಗರು)

ಉತ್ತರ: ಫೈಟಿಂಗ್‌ನಿಂದ ಶುರು ಮಾಡಬೇಡಿ. 1973ರ ‘ಜಂಜೀರ್’, 1975ರ ‘ದೀವಾರ್’ನಿಂದ ಆ ಬಿರುದು ಅಂಟಿಕೊಂಡಿತು. ಆದರೆ ಸಿಟ್ಟನ್ನು ಕೂಗಿ ತೋರಿಸುವ ನಟರು ಆಗಲೂ ಬೇಕಾದಷ್ಟು ಇದ್ದರು. ಅಮಿತಾಭ್ ಅದನ್ನು ನುಂಗಿಕೊಂಡರು. ಅವರ ಸಿಟ್ಟು ಕಾಣುವುದು ದವಡೆಯಲ್ಲಿ, ಮಾತಿಗೆ ಮುಂಚಿನ ಆ ಒಂದು ಗಳಿಗೆಯ ಮೌನದಲ್ಲಿ. ಅವರ ನಟನೆಯ ಬೀಗದ ಕೈ ಇರುವುದು ಅಲ್ಲೇ ಅನ್ನುವುದು ನನ್ನ ನಂಬಿಕೆ.

ಹಾಗಾಗಿ ಮಗಳಿಗೆ ‘ಶೋಲೆ’ಯ ಎರಡೇ ನಿಮಿಷ ತೋರಿಸಿ. ಮಾತೇ ಇಲ್ಲದ ದೃಶ್ಯ. ಮೇಲೆ ಜಗಲಿಯಲ್ಲಿ ಬಿಳಿ ಸೀರೆಯ ರಾಧಾ (ಜಯಾ) ಒಂದೊಂದೇ ದೀಪ ಆರಿಸುತ್ತಾ ಬರುತ್ತಾಳೆ. ಕೆಳಗೆ ಜೈ (ಅಮಿತಾಭ್) ಮೌತ್ ಆರ್ಗನ್ ನುಡಿಸುತ್ತಾ ಕೂತಿದ್ದಾನೆ. ಅವನು ಎದ್ದು ಹೋಗಲ್ಲ, ಕರೆಯಲ್ಲ, ನಗಲ್ಲ. ಸುಮ್ನೆ ನೋಡುತ್ತಾನೆ. ದೀಪ ಆರುತ್ತೆ, ಅವಳು ಒಳಗೆ ಹೋಗುತ್ತಾಳೆ. ವಿಧವೆಯೊಬ್ಬಳ ಮೇಲೆ ಮನಸ್ಸಾಗಿದೆ, ಹೇಳುವ ಹಾಗಿಲ್ಲ. ಇಷ್ಟನ್ನೂ ಆ ಕಣ್ಣುಗಳೇ ಹೇಳಿಬಿಡುತ್ತವೆ.

ಈ ದೃಶ್ಯ ತೆಗೆದಿದ್ದು ನಿಮ್ಮ ಕೆಂಗೇರಿಯಿಂದ ಗಂಟೆಯೊಳಗೆ ಮುಟ್ಟುವ ರಾಮನಗರದಲ್ಲಿ. 1973ರ ಅಕ್ಟೋಬರ್‌ನಲ್ಲಿ ಅಲ್ಲಿ ಶೂಟಿಂಗ್ ಶುರುವಾಯಿತು. ಅಮಿತಾಭ್, ಜಯಾ ಮದುವೆಯಾಗಿ ಆಗಿನ್ನೂ ನಾಲ್ಕು ತಿಂಗಳು. ಮೊದಲ ದಿನ ತೆಗೆದಿದ್ದೂ ಅವರಿಬ್ಬರದ್ದೇ, ಜೈ ತಿಜೋರಿಯ ಬೀಗದ ಕೈಯನ್ನು ರಾಧಾಗೆ ವಾಪಸ್ ಕೊಡುವ ದೃಶ್ಯ. ಬಂಡೆಗಳ ನಡುವೆ ಇಡೀ ಹಳ್ಳಿಯನ್ನೇ ಕಟ್ಟಿದ್ದರು. ಈಗ ಆ ಸೆಟ್‌ನದ್ದು ಒಂದು ಕಂಬವೂ ಉಳಿದಿಲ್ಲ. ಬಂಡೆ ಮಾತ್ರ ಹಾಗೇ ಇದೆ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ, ಆ ಕಲ್ಲನ್ನು ಭೂಗರ್ಭ ತಜ್ಞರು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. 250 ಕೋಟಿ ವರ್ಷ ಹಳೆಯದು.

ದೀಪದ ದೃಶ್ಯಕ್ಕೆ ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಮುಸ್ಸಂಜೆಯ ಬೆಳಕೇ ಬೇಕಿತ್ತು. ಸೂರ್ಯ ಮುಳುಗಿರಬೇಕು, ಕತ್ತಲಾಗಿರಬಾರದು. ಅದು ಸಿಗುವುದು ದಿನಕ್ಕೆ ಕೆಲವೇ ನಿಮಿಷ. ಒಂದು ಶಾಟ್ ಆಗುವಷ್ಟರಲ್ಲಿ ಬೆಳಕು ಹೋಗುತ್ತಿತ್ತು. ನಾಳೆ ಮತ್ತೆ ಕಾಯಬೇಕು. ಹೀಗೆ ಎರಡು ನಿಮಿಷಕ್ಕೆ ಸುಮಾರು 20 ದಿನ ಹಿಡಿಯಿತು. ಅಷ್ಟೂ ದಿನ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಕೂತು, ನಿನ್ನೆಯ ನೋಟವನ್ನೇ ಇವತ್ತೂ ತರಬೇಕು ಅಲ್ವಾ? ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ. ಎಲ್ಲಿ ಒಂದು ದಿನ ಮುಗಿದು ಇನ್ನೊಂದು ದಿನ ಶುರುವಾಯಿತು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವಳಿಗೆ ಇಷ್ಟವಾದರೆ ಮುಂದೆ ‘ಆನಂದ್’, 1971ರದ್ದು. ಎಲ್ಲರೂ ರಾಜೇಶ್ ಖನ್ನಾರನ್ನು ನೋಡುತ್ತಾರೆ, ನೀವು ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ನಿಂತ ಡಾಕ್ಟರನ್ನು ನೋಡಿ. ಆಮೇಲೆ ಸೀದಾ 2015ರ ‘ಪೀಕು’. ಹೊಟ್ಟೆ ಸರಿಯಿಲ್ಲ ಎಂದು ದಿನವಿಡೀ ಗೊಣಗುವ ಮುದುಕನ ಪಾತ್ರಕ್ಕೆ ಅವರಿಗೆ ನಾಲ್ಕನೇ ಸಲ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಮಗಳಾಗಿ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಪಡುಕೋಣೆ. ಅಪ್ಪ ಮಗಳು ಒಟ್ಟಿಗೆ ಕೂತು ನೋಡಿ.

ಒಂದು ಭಾನುವಾರ ಮಗಳನ್ನು ರಾಮನಗರಕ್ಕೂ ಕರೆದುಕೊಂಡು ಹೋಗಿ. ರಾಮದೇವರ ಬೆಟ್ಟ ಈಗ ರಣಹದ್ದುಗಳ ಧಾಮ, ಅಲ್ಲಿ ಗಲಾಟೆ ಬೇಡ. ಬುಡದಲ್ಲೇ ಎಲ್ಲಾದರೂ ಬಂಡೆಗಳು ಕಾಣುವ ಹಾಗೆ ಕೂತುಕೊಳ್ಳಿ. ಸೂರ್ಯ ಮರೆಯಾದ ಕೂಡಲೇ ಅವಳು ಗಡಿಯಾರ ನೋಡಿಕೊಳ್ಳಲಿ. ಆ ಬೆಳಕು ಎಷ್ಟು ನಿಮಿಷ ಇರುತ್ತೆ ಎಂದು ಅವಳೇ ಎಣಿಸಲಿ. ಎಷ್ಟಾಯಿತು ಎಂದು ನನಗೂ ಬರೆದು ತಿಳಿಸಿ.