ಅಂಗಾತ ಈಜುವವರಿಗೆ ಗೋಡೆ ಗೊತ್ತಾಗೋದು ಹೇಗೆ?

2022ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್ ನೋಡಿ ಕೇಳಿದ್ದೀರಿ: ಹಿಂದೆ ನೋಡದೆ ಅವರಿಗೆ ಗೋಡೆ ಹೇಗೆ ಗೊತ್ತಾಗುತ್ತದೆ, ನಿಮ್ಮ ಮಗ ಮಾತ್ರ ಯಾಕೆ ತಲೆ ಬಡಿಸಿಕೊಳ್ಳುತ್ತಾನೆ ಅಂತ.

ಮೇಲೆ ನೋಡಿ. ಗೋಡೆಯಿಂದ 5 ಮೀಟರ್ ಈಚೆಗೆ ಕೊಳದ ಅಡ್ಡಕ್ಕೆ ಬಾವುಟಗಳ ಸಾಲು ಇರುತ್ತದೆ, ಜಾತ್ರೆಯ ತೋರಣದ ಹಾಗೆ. ಅದು ಕಣ್ಣಿಗೆ ಬಿದ್ದ ಕೂಡಲೇ ಕೈ ಬೀಸುಗಳನ್ನು ಎಣಿಸಬೇಕು. ಈ ಲೆಕ್ಕ ಒಬ್ಬೊಬ್ಬರದು ಒಂದೊಂದು. ನಿಧಾನಕ್ಕೆ ಈಜುವಾಗ ಐದು ಬಂದರೆ ಜೋರಾಗಿ ಹೋಗುವಾಗ ನಾಲ್ಕೇ ಆಗಬಹುದು. ಬಹುಶಃ ನಿಮ್ಮ ಹುಡುಗ ಎಡವುತ್ತಿರುವುದು ಇಲ್ಲೇ. ರೇಸಿನ ವೇಗದಲ್ಲೇ ಎಣಿಸಿ ಅಭ್ಯಾಸ ಮಾಡಿಸಿ. ಬಾವುಟ ಕಟ್ಟಿಲ್ಲದಿದ್ದರೆ ಒಂದು ಹಗ್ಗಕ್ಕೆ ಬಟ್ಟೆ ಚೂರು ಕಟ್ಟಿದರೂ ನಡೆಯುತ್ತೆ. ನಾನು ಕಲಿತದ್ದು ದಾವಣಗೆರೆ ಕಡೆಯ ಭದ್ರಾ ಕಾಲುವೆಯಲ್ಲಿ, ಅಲ್ಲಿ ಗೋಡೆಯ ಚಿಂತೆಯೇ ಇರಲಿಲ್ಲ ಬಿಡಿ!

ತಿರುವಿನಲ್ಲಿ ಬೋರಲಾಗಿ, ಕೈಯ ಒಂದೇ ಎಳೆತದಲ್ಲಿ ಪಲ್ಟಿ ಹೊಡೆಯಬಹುದು. ಕೊನೆಗೆ ಗೋಡೆ ಮುಟ್ಟುವಾಗ ಅಂಗಾತವೇ ಇರಬೇಕು.

ಶುರುವಿನಲ್ಲೂ ತಿರುವಿನ ನಂತರವೂ ಈಜುಗಾರರು ಅಷ್ಟು ಹೊತ್ತು ನೀರೊಳಗೇ ಯಾಕೆ ಇರ್ತಾರೆ ಅಂದರೆ, ಅಲೆಗಳ ತಡೆ ಅಲ್ಲಿ ಕಡಿಮೆ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ನೀರೊಳಗೇ ಬಹುದೂರ ಹೋಗುತ್ತಿದ್ದ. ಆಮೇಲೆ ಮಿತಿ ಹಾಕಿದರು, ಈಗ ಅದು 15 ಮೀಟರ್.

ನೀವು ನೋಡಿದ ರೇಸಿನಲ್ಲಿ ಇಟಲಿಯ ಥಾಮಸ್ ಚೆಕೋನ್ 51.60 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿದ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ 53.77ರಲ್ಲಿ ಈಜಿದ್ದರು. ಮಗನಿಗೆ ಅವರ ವಿಡಿಯೋನೂ ತೋರಿಸಿ.