ಬೋಧನೆ ಇಟ್ಟುಕೊಂಡು ಪುನರುತ್ಥಾನ ಬಿಟ್ಟರೆ ಆಗಲ್ವಾ?

ಯೇಸು ಬೆಟ್ಟದ ಮೇಲೆ ಕೂತು ಹೇಳಿದ ಬೋಧನೆ, ಆ ಪರ್ವತ ಪ್ರಸಂಗ ಒಂದೇ ಸಾಕಲ್ವಾ, ಸತ್ತವನು ಎದ್ದು ಬಂದ ಮಾತಿಗೆ ಯಾಕಿಷ್ಟು ಮಹತ್ವ ಅಂತ ಕೇಳಿದ್ದೀರಿ. ಯೇಸು ಎದ್ದದ್ದನ್ನು ನೆನೆಯುವ ಈಸ್ಟರ್ ಆರಾಧನೆಗೆ ಅಮ್ಮ ಕರೆಯುತ್ತಿದ್ದಾರೆ, ಹೋಗಲು ಮನಸ್ಸಿಲ್ಲ ಅಂತಲೂ ಬರೆದಿದ್ದೀರಿ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮದು ಗದಗ ಬೆಟಗೇರಿ ಕಡೆಯ ಮನೆತನ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಕ್ರೈಸ್ತರು. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಬಗ್ಗೆ ಎಲ್ಲೋ ಓದಿದೆ. ಆತ ವಯಸ್ಸಾದ ಮೇಲೆ, 1820ರ ಹೊತ್ತಿಗೆ, ಯೇಸುವಿನ ಬದುಕು ಹೇಳುವ ಸುವಾರ್ತೆಗಳ ಪುಟಗಳನ್ನು ಕತ್ತರಿಸಿ ತನಗೆ ಒಪ್ಪಿಗೆಯಾದದ್ದನ್ನು ಮಾತ್ರ ಬೇರೆ ಹಾಳೆಗೆ ಅಂಟಿಸಿಕೊಂಡಿದ್ದ. ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ನಾಲ್ಕನ್ನೂ ಅಕ್ಕಪಕ್ಕ ಇಟ್ಟು. ಬೋಧನೆ ಉಳಿಯಿತು, ಪವಾಡಗಳು ಹೋದವು. ಕೊನೆಯ ಸಾಲಿನಲ್ಲಿ ಸಮಾಧಿಯ ಬಾಯಿಗೆ ದೊಡ್ಡ ಕಲ್ಲು ಉರುಳಿಸಿ ಎಲ್ಲರೂ ಹೊರಟುಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ನನಗೆ ಭಾರಿ ಖುಷಿಯಾಯಿತು. ವಿದ್ಯಾವಂತ ಕ್ರೈಸ್ತ ಅಂದ್ರೆ ಹೀಗಿರಬೇಕು ಅಂದುಕೊಂಡೆ.

ಆ ವರ್ಷವೇ ಅಜ್ಜಿ ಹಾಸಿಗೆ ಹಿಡಿದಳು. ನೋಡಲು ಹೋದೆ. ಕಣ್ಣು ಕಾಣುತ್ತಿರಲಿಲ್ಲ. ತಲೆದಿಂಬಿನ ಪಕ್ಕದ ಸತ್ಯವೇದವನ್ನು ಮುಟ್ಟಿ, "ಒಂದನೇ ಕೊರಿಂಥ ಹದಿನೈದು ಓದು ತಮ್ಮಾ" ಅಂದಳು. ಯೇಸುವಿನ ಸುದ್ದಿ ಸಾರುತ್ತಾ ತಿರುಗಿದ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಪುನರುತ್ಥಾನದ ಅಧ್ಯಾಯ ಅದು. ನಾನು ಓದಲಿಲ್ಲ. ನಂಬದೇ ಇರುವುದನ್ನು ಓದುವುದು ಸುಳ್ಳು ಹೇಳಿದ ಹಾಗೆ ಅನ್ನೋ ದೊಡ್ಡಸ್ತಿಕೆ. ಪರ್ವತ ಪ್ರಸಂಗ ಶುರುವಾಗುವ ಮತ್ತಾಯನ ಐದನೇ ಅಧ್ಯಾಯ ತೆಗೆದು ಓದಿದೆ. ಚೆನ್ನಾಗಿಯೇ ಓದಿದೆ. ಅವಳು ಪೂರ್ತಿ ಕೇಳಿದಳು.

"ಚಲೋ ಓದಿದಿ. ಆದ್ರ ಇದು ಬದುಕಿದಾವ್ರಿಗೆ ಹೇಳಿದ್ದು. ನಾ ಹೊಂಟೇನಿ. ನನಗೇನರ ಐತೇನು ಇದರಾಗ?"

ಇಲ್ಲಿಗೆ ಸುಮ್ನೆ ಇದ್ದಿದ್ದರೂ ಆಗುತ್ತಿತ್ತು. ನಾನು ಅರ್ಥ ಹೇಳಲು ಕೂತೆ. ಯೇಸು ಎದ್ದ ಅಂದ್ರೆ ಅವನ ಆದರ್ಶ ಶಿಷ್ಯರ ಮನಸ್ಸಿನಲ್ಲಿ ಎದ್ದಿತು ಅಂತ ತಿಳಿಯಬೇಕು ಅಜ್ಜಿ, ಅದೊಂದು ಸಂಕೇತ ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಬೈಯಲೂ ಇಲ್ಲ. ನಾನು ರಾತ್ರಿ ಬಸ್ಸಿಗೆ ವಾಪಸ್ ಬಂದೆ. ಮರುದಿನ ಪಕ್ಕದ ಮನೆಯ ಹುಡುಗಿ ಬಂದು ಆ ಅಧ್ಯಾಯ ಓದಿದಳಂತೆ. ಎರಡು ವಾರಕ್ಕೆ ಅಜ್ಜಿ ಹೋದಳು.

ನನ್ನ ತಪ್ಪು ಯಾವುದು ಅಂತ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವೂ ಅದರ ಬಾಗಿಲಲ್ಲೇ ನಿಂತಿದ್ದೀರಿ. ನಂಬದೇ ಇದ್ದದ್ದು ತಪ್ಪಲ್ಲ. ಸಂಶಯ ಯಾರಿಗಿಲ್ಲ, ಯೇಸುವಿನ ಶಿಷ್ಯ ತೋಮನಿಗೇ ಇತ್ತು. ಅಜ್ಜಿ ಕೇಳಿದ ಆ ಅಧ್ಯಾಯವನ್ನು ನಾನು ಒಮ್ಮೆಯೂ ನೆಟ್ಟಗೆ ಓದಿರಲಿಲ್ಲ! ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಎರಡು ವಚನ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಓದದೇ ಸಂಕೇತ ಅಂತ ತೀರ್ಪು ಕೊಟ್ಟಿದ್ದೆ. ಪುನರುತ್ಥಾನ ಅನ್ನೋದು ಮನೆಯ ಮೇಲೆ ಆಮೇಲೆ ಕಟ್ಟಿಸಿದ ಮಹಡಿ, ಕೆಡವಿದರೂ ಕೆಳಗಿನ ಮನೆ ಗಟ್ಟಿಯಾಗಿರುತ್ತದೆ ಅಂತ ನನ್ನ ಲೆಕ್ಕ. ಮಣ್ಣು ಮುಗಿಸಿ ಬಂದ ರಾತ್ರಿ ಅವಳದೇ ಸತ್ಯವೇದ ತೆಗೆದು ಓದಿದಾಗ ಗೊತ್ತಾಯಿತು, ಅದು ಪಾಯ.

ಪೌಲ ಆ ಪತ್ರ ಬರೆದದ್ದು ಎಫೆಸ ಪಟ್ಟಣದಿಂದ, ಯೇಸು ಸತ್ತು ಸುಮಾರು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ. ನಾಲ್ಕು ಸುವಾರ್ತೆಗಳು ಬರುವುದಕ್ಕೂ ಮೊದಲು ಅಂತಲೇ ಹೆಚ್ಚಿನ ಪಂಡಿತರ ಮಾತು. ಸತ್ತ, ಹೂಣಿಟ್ಟರು, ಮೂರನೇ ದಿನ ಎದ್ದ, ಕೇಫನಿಗೆ ಅಂದ್ರೆ ಪೇತ್ರನಿಗೆ ಕಾಣಿಸಿಕೊಂಡ, ಹನ್ನೆರಡು ಮಂದಿ ಶಿಷ್ಯರಿಗೆ, ಆಮೇಲೆ ಐನೂರಕ್ಕೂ ಜಾಸ್ತಿ ಜನರಿಗೆ ಒಟ್ಟಿಗೆ. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಸೇರಿಸುತ್ತಾನೆ. ಇದನ್ನು ತಾನೇ ಹುಟ್ಟಿಸಿಲ್ಲ, ತನಗೆ ಬಂದದ್ದನ್ನು ದಾಟಿಸುತ್ತಿದ್ದೇನೆ ಅನ್ನುತ್ತಾನೆ. ಆದರ್ಶದ ಬಗ್ಗೆ ಹೀಗೆ ಸಾಕ್ಷಿಗಳ ಪಟ್ಟಿ ಯಾರೂ ಕೊಡುವುದಿಲ್ಲ. ಮುಂದಿನದು ಇನ್ನೂ ಖಡಕ್. ಕ್ರಿಸ್ತ ಎದ್ದಿಲ್ಲ ಅಂದ್ರೆ ನಾವು ಸಾರಿದ್ದೂ ವ್ಯರ್ಥ, ನೀವು ನಂಬಿದ್ದೂ ವ್ಯರ್ಥ, ನಾವು ದೇವರ ಮೇಲೆ ಸುಳ್ಳು ಸಾಕ್ಷಿ ಹೇಳಿದ ಹಾಗೆ. ಸತ್ತವರು ಏಳುವುದೇ ಇಲ್ಲ ಅಂದ್ರೆ ತಿನ್ನೋಣ ಕುಡಿಯೋಣ, ನಾಳೆ ಸಾಯುತ್ತೇವೆ. ನೀವು ಮತ್ತು ನಾನು ಹುಡುಕಿದ ನಡುದಾರಿಯನ್ನು ಆತ ಅವತ್ತೇ ಮುಚ್ಚಿಬಿಟ್ಟಿದ್ದಾನೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶಿಷ್ಯರನ್ನು ಹಿಡಿದು ನಿಲ್ಲಿಸಿದ್ದು ಬೋಧನೆ ಅಂತ ನೀವು ಅಂದುಕೊಂಡಿದ್ದೀರಿ. ಬೋಧನೆ ಪೂರ್ತಿ ಕೇಳಿದವರೇ ಅವನನ್ನು ಹಿಡಿದ ರಾತ್ರಿ ಓಡಿಹೋದರು. ಯೇಸುವನ್ನು ಶಿಲುಬೆಗೆ ಹಾಕಿದರು, ಮರಕ್ಕೆ ತೂಗುಹಾಕಿದವನು ಶಾಪಗ್ರಸ್ತ ಅಂತ ಅವರ ಧರ್ಮಶಾಸ್ತ್ರದಲ್ಲೇ ಬರೆದಿತ್ತು. ಗಲಿಲಾಯದ ಯೂದ ಅನ್ನೋ ಒಬ್ಬ ಜನ ಕಟ್ಟಿಕೊಂಡು ದಂಗೆ ಎದ್ದಿದ್ದ. ಅವನು ನಾಶವಾದ, ಹಿಂಬಾಲಕರು ಚದುರಿಹೋದರು ಅಂತ ಸತ್ಯವೇದದ ಅಪೊಸ್ತಲರ ಕೃತ್ಯಗಳಲ್ಲಿ ಇದೆ. ಯೇಸುವಿನ ಕಡೆಯವರೂ ಚದುರಬೇಕಿತ್ತು. ಯೆರೂಸಲೇಮಿನಿಂದ ಎಮ್ಮಾಹು ಅನ್ನೋ ಹಳ್ಳಿಯ ದಾರಿಯಲ್ಲಿ ಅವನ ಹಿಂಬಾಲಕರು ಇಬ್ಬರು ಚದುರಿ ಊರಿಗೆ ಹೊರಟೂ ಇದ್ದರು, ಅವನ ಮೇಲೆ ನಿರೀಕ್ಷೆ ಇಟ್ಟಿದ್ದೆವು ಅಂತ ಮುಖ ಬಾಡಿಸಿಕೊಂಡು. ಅವರು ತಿರುಗಿ ಯೆರೂಸಲೇಮಿಗೆ ಓಡಿದ್ದು ಯಾಕೆ ಅನ್ನೋದೇ ಪ್ರಶ್ನೆ.

ಇನ್ನೊಂದು ಮಾತು. ನಮ್ಮಲ್ಲಿ ಬಹಳ ಜನ ಇದನ್ನು ಪುನರ್ಜನ್ಮದ ಜೊತೆ ಕಲಸಿಬಿಡುತ್ತಾರೆ. ಆತ್ಮ ಸ್ವರ್ಗಕ್ಕೆ ಹೋಯಿತು ಅನ್ನೋದೂ ಇದಲ್ಲ. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನೂ ಎದ್ದ, ಆದರೆ ಮತ್ತೆ ಸಾಯುವ ದೇಹಕ್ಕೇ ಎದ್ದ. ಪೌಲ ಗೋದಿಕಾಳಿನ ಮಾತು ಹೇಳುತ್ತಾನೆ. ಬಿತ್ತುವುದು ಬರೀ ಕಾಳು, ಬರುವುದು ಬೇರೆಯೇ ಮೈ. ಯೇಸು ಪ್ರಥಮಫಲ, ಅಂದ್ರೆ ಹೊಲದ ಮೊದಲ ಕೊಯ್ಲು. ಮಿಕ್ಕ ಬೆಳೆ ಇನ್ನೂ ನಿಂತಿದೆ. ಗದಗದ ಹೊಲಗಳಲ್ಲಿ ಗೋದಿ ಕೊಯ್ದು ಬೆಳೆದ ಅಜ್ಜಿಗೆ ಇದಕ್ಕೆ ನನ್ನ ಟೀಕೆ ಬೇಕಿರಲಿಲ್ಲ. "ನಿಮ್ಮಜ್ಜನ ಮಗ್ಗಲಿಗೇ ನನ್ನ ಹಾಕ್ರಿ" ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದಳು, ಜೊತೆಗೇ ಏಳಬೇಕಲ್ಲ ಅಂತ.

ಈಗ ನಾನು ನಂಬುತ್ತೇನಾ? ನಂಬುತ್ತೇನೆ, ಕೆಲವು ದಿನ ಕಷ್ಟಪಟ್ಟು. ನಿಮಗೆ ನನ್ನ ಸಲಹೆ ಒರಟಾಗಿ ಕೇಳಿಸಬಹುದು. ಇದನ್ನು ಪೂರ್ತಿ ತಗೊಳ್ಳಿ, ಇಲ್ಲ ಪೂರ್ತಿ ಬಿಡಿ. ಬಿಟ್ಟವರ ಮೇಲೆ ನನಗೆ ಗೌರವವಿದೆ. ಕತ್ತರಿ ಹಿಡಿದವರ ಮೇಲೆ ಇಲ್ಲ, ನಾನೇ ಹಿಡಿದಿದ್ದೆನಲ್ಲ. ಹದಿನೈದನೇ ಅಧ್ಯಾಯದಲ್ಲಿ 58 ವಚನ ಇವೆ, ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಓದಬಹುದು. ಓದಿದ ಮೇಲೆ ತೀರ್ಮಾನ ಮಾಡಿ.

ಮತ್ತೆ ಈಸ್ಟರ್‌ಗೆ ಅಮ್ಮನ ಜೊತೆ ಹೋಗಿ. ನಮ್ಮ ಸಭೆಯಲ್ಲಿ ಆವತ್ತು ನಸುಕಿನ ಆರಾಧನೆ ಸಮಾಧಿ ಭೂಮಿಯಲ್ಲೇ ನಡೆಯುತ್ತದೆ. ಕತ್ತಲಿರುವಾಗಲೇ ಹೋಗಿ ಅಜ್ಜ ಅಜ್ಜಿಯ ಕಲ್ಲಿನ ನಡುವೆ ನಿಲ್ಲುತ್ತೇನೆ. ಪಾಸ್ಟರ್ ಬರುವ ಮುಂಚೆ ಮೊಬೈಲ್ ಬೆಳಕಿನಲ್ಲಿ ಆ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತೇನೆ, ಅವಳು ಕೇಳಿದ ಹಾಗೆ, ಅರ್ಥ ಹೇಳದೆ.