ಕಬಡ್ಡಿ ಫೈನಲ್ಲಲ್ಲಿ ಟಚ್ ಒಪ್ಕೊಂಡ ಹುಡುಗ, ಮತ್ತೆ ಅವರಪ್ಪನಿಗೆ ನಾನು ಹೇಳಿದ್ದು

ಶಾಲಾ ಕ್ರೀಡಾಕೂಟಗಳ ಸೀಸನ್ ಮುಗೀತಿದ್ದಂಗೆ ಪ್ರತಿ ವರ್ಷ ಒಂದೇ ಥರದ ಕೇಸ್ ಕೌನ್ಸೆಲರ್ ಆಗಿರೋ ನನ್ನ ಹತ್ರ ಬರುತ್ತೆ. ಟೀಮ್ ಸೋತಿರುತ್ತೆ, ಆ ಸೋಲನ್ನ ಪೂರ್ತಿ ಒಂದು ಮಗು ತಲೆಗೆ ಕಟ್ಟಿರ್ತಾರೆ, ಆ ಮಗು ಶಾಲೆಗೇ ಹೋಗಲ್ಲ ಅನ್ನುತ್ತೆ. ಈ ಹುಡುಗನ ವಿಷ್ಯ ಬರೀಲೇಬೇಕು ಅನ್ಸಿದ್ದು ಅವನು ಆಡಿದ ಒಂದು ಮಾತಿಂದ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೀನಿ, ಮನೆಯವರ ಒಪ್ಪಿಗೆ ಇದೆ.

ಹಳೇ ಮೈಸೂರು ಕಡೆಯವನು, ಒಂಬತ್ತನೇ ಕ್ಲಾಸ್. ಹೋಬಳಿ ಮಟ್ಟ ಗೆದ್ದು ತಾಲ್ಲೂಕು ಫೈನಲ್ಗೆ ಬಂದಿದ್ರು. ಕೊನೇ ನಿಮಿಷಗಳಲ್ಲಿ ಎದುರು ಟೀಮಿನ ರೈಡರ್ ವಾಪಸ್ ಓಡ್ವಾಗ ಅವನ ಬೆರಳು ಇವನ ಬನಿಯನ್ ಅಂಚಿಗೆ ತಾಗ್ತು. ಕಬಡ್ಡಿಲಿ ಬಟ್ಟೆಗೆ ತಾಗಿದ್ರೂ ಅದು ಟಚ್ಚೇ, ಅಂದ್ರೆ ಇವನು ಔಟ್. ಅಂಪೈರ್ ನೋಡಿರ್ಲಿಲ್ಲ, ರೈಡರ್ಗೂ ಗೊತ್ತಾಗಿರ್ಲಿಲ್ಲ, ಇವನು ಮಾತ್ರ ಕೈ ಎತ್ಕೊಂಡು ಕೋರ್ಟಿಂದ ಹೊರಗೆ ನಡೆದ. ಒಂದು ಪಾಯಿಂಟಲ್ಲಿ ಸೋತ್ರು. ಗೆದ್ದಿದ್ರೆ ಜಿಲ್ಲಾ ಮಟ್ಟ. ಕ್ಯಾಪ್ಟನ್ ಹತ್ತನೇ ಕ್ಲಾಸ್ ಹುಡುಗ, ಅವನಿಗೆ ಅದೇ ಕೊನೇ ವರ್ಷ.

ಮಾರನೇ ದಿನದಿಂದ ಇವನ ಹೆಸರು ಸತ್ಯಹರಿಶ್ಚಂದ್ರ ಅಂತಾಯ್ತು. ಪೀಟಿ ಪೀರಿಯಡ್ ಇರೋ ದಿನ ಬೆಳಿಗ್ಗೆ ಹೊಟ್ಟೆನೋವು, ಆಮೇಲಾಮೇಲೆ ಎಲ್ಲಾ ದಿನಾನೂ ಹೊಟ್ಟೆನೋವು, ಡಾಕ್ಟರ್ ನೋಡಿ ಏನೂ ಇಲ್ಲ ಅಂದ್ರು. ಅಪ್ಪ ಕರ್ಕೊಂಡು ಬಂದು ಕೂತ ತಕ್ಷಣ "ಮೇಡಂ, ಇವನಿಗೆ ಪ್ರಪಂಚ ಗೊತ್ತಿಲ್ಲ, ಸ್ವಲ್ಪ ಗಟ್ಟಿ ಮಾಡಿ" ಅಂದ್ರು. ವಿಚಿತ್ರ ಏನಂದ್ರೆ ಇದೇ ಅಪ್ಪ ನೆಂಟರ ಮದುವೆ ಮನೇಲಿ ನಾಲ್ಕು ಜನದ ಮುಂದೆ "ನನ್ ಮಗ ಸೋತ್ರೂ ಸುಳ್ಳು ಹೇಳಲ್ಲ" ಅಂತ ಹೆಮ್ಮೆ ಪಟ್ಟಿದ್ರಂತೆ. ಮನೆಗೆ ಬಂದ್ಮೇಲೆ "ನಿನಗೆ ಯಾರು ಕೈ ಎತ್ತು ಅಂದಿದ್ದು?"

ಮೊದಮೊದಲು ಹುಡುಗ ಬಾಯಿ ಬಿಡ್ಲಿಲ್ಲ. ಯಾಕೆ ಕೈ ಎತ್ತಿದೆ ಅಂತ ಎಲ್ರೂ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು, ಅದಕ್ಕೆ ನಾನು ಆ ಪ್ರಶ್ನೆ ಬಿಟ್ಟು, ಎದ್ದು ನಿಂತು ಆವತ್ತು ಎಲ್ಲಿ ನಿಂತಿದ್ದೆ ತೋರಿಸು ಅಂದೆ. ರೂಮಿನ ಕುರ್ಚಿ ಎಲ್ಲಾ ಪಕ್ಕಕ್ಕೆ ಸರಿಸಿದ, ಇದು ಬೋನಸ್ ಲೈನು, ಇಲ್ಲಿ ಕ್ಯಾಪ್ಟನ್ ಅಣ್ಣ, ನಾನು ಕಾರ್ನರು ಅಂತ ಶುರು ಮಾಡ್ದ. ಅಲ್ಲೀವರೆಗೂ ತಲೆ ತಗ್ಗಿಸಿಕೊಂಡೇ ಇದ್ದವನು ಆಟ ಹೇಳ್ತಾ ಹೇಳ್ತಾ ಬೇರೆ ಹುಡುಗನೇ ಆಗ್ಬಿಟ್ಟ. ಟಚ್ ಆದ ಜಾಗಕ್ಕೆ ಬಂದಾಗ ಕೈ ಅರ್ಧ ಮೇಲೆ ಹೋಯ್ತು, ತಕ್ಷಣ ಇನ್ನೊಂದು ಕೈಯಲ್ಲಿ ಅದನ್ನ ಹಿಡ್ಕೊಂಡು ಕೆಳಗೆ ಎಳೆದ.

"ನಾನು ಯೋಚ್ನೆ ಮಾಡಿ ಎತ್ತಿಲ್ಲ ಮೇಡಂ. ಪ್ರಾಕ್ಟೀಸಲ್ಲಿ ಅಂಪೈರ್ ಇರಲ್ವಲ್ಲ, ಟಚ್ ಆದ್ರೆ ನಾವೇ ಕೈ ಎತ್ತಿ ಆಚೆ ಹೋಗ್ತೀವಿ, ಸರ್ರೇ ಹಂಗೆ ಹೇಳ್ಕೊಟ್ಟಿರೋದು. ಅವತ್ತೂ ಕೈ ಎದ್ದೋಯ್ತು. ಮ್ಯಾಚಲ್ಲಿ ಎತ್ಬಾರ್ದು ಅಂತ ಯಾರೂ ಹೇಳಿರ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಈಗ ಮನೇಲಿ ಎತ್ತದೇ ಇರೋದನ್ನ ಪ್ರಾಕ್ಟೀಸ್ ಮಾಡ್ತಾ ಇದ್ದೀನಿ" ಅಂದ.

ಇದನ್ನ ಕೇಳಿ ನನಗೆ ನಿಜವಾಗ್ಲೂ ಸಂಕಟ ಆಯ್ತು. ಕ್ರೀಡೆಯಿಂದ ಮಕ್ಕಳಿಗೆ ಮೌಲ್ಯ ಬರುತ್ತೆ ಅಂತ ಪ್ರತಿ ಕ್ರೀಡಾಕೂಟದ ಉದ್ಘಾಟನೇಲಿ ಭಾಷಣ ಆಗುತ್ತೆ, ಇಲ್ಲಿ ಬಂದೂ ಇತ್ತು, ಯೋಚ್ನೆ ಕೂಡ ಮಾಡದೆ ಕೈ ತಾನಾಗೇ ಏಳೋ ಅಷ್ಟು ಮೈಗೆ ಹತ್ತಿತ್ತು. ದಿನಾ ಸಂಜೆ ಮಣ್ಣಲ್ಲಿ ಬಿದ್ದು ಎದ್ದು ಕಲಿತಿದ್ದು ಅದು. ದೊಡ್ಡವರು ಸೇರ್ಕೊಂಡು ಒಂದೇ ತಿಂಗಳಲ್ಲಿ ಅದನ್ನ ಕಳೆ ಥರ ಕೀಳ್ತಾ ಇದ್ವಿ.

ಅಪ್ಪನಿಗೆ ನಾನು ಹೇಳಿದ್ದು, ಬೈಯೋದೂ ನಿಲ್ಲಿಸಿ, ಹೊಗಳೋದೂ ನಿಲ್ಲಿಸಿ. ಹೊಗಳಬೇಡಿ ಅಂದಿದ್ದಕ್ಕೆ ನನ್ನ ಜೊತೆ ಕೆಲಸ ಮಾಡೋರೇ ಆಕ್ಷೇಪ ಮಾಡಿದ್ರು, ಒಳ್ಳೇದು ಮಾಡಿದ ಮಗುಗೆ ಶಭಾಶ್ ಅನ್ನಬಾರದಾ ಅಂತ. ಈ ಹುಡುಗನ ಮಟ್ಟಿಗೆ ನಾನು ಈಗ್ಲೂ ಬೇಡ ಅಂತಾನೇ ಹೇಳ್ತೀನಿ. ಕೈ ಎತ್ತಿದ್ದು ಅವನಿಗೆ ಆಟದ ಒಂದು ಭಾಗ ಅಷ್ಟೇ, ನಾವು ಅದನ್ನ ತ್ಯಾಗ ಅಂತ ಮೆರವಣಿಗೆ ಮಾಡಿದ್ರೆ ಹರಿಶ್ಚಂದ್ರ ಅನ್ನೋ ಹೆಸರನ್ನ ಮನೆಯವರೇ ಗಟ್ಟಿ ಮಾಡಿದಂಗೆ.

ಅಪ್ಪ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅಭಿಮಾನಿ. ಅವರಿಗೆ 1980ರ ಬಾಂಬೆ ಜುಬಿಲಿ ಟೆಸ್ಟ್ ನೆನಪು ಮಾಡ್ದೆ. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರನ್ನ ಭದ್ರಾವತಿಯ ನಮ್ ವಿಶಿ, ಕ್ಯಾಪ್ಟನ್ ಆಗಿದ್ದೋರು, ಬ್ಯಾಟಿಗೆ ತಾಗಿಲ್ಲ ಅಂತ ವಾಪಸ್ ಕರೆದ್ರು. ಟೇಲರ್ ಬೋಥಮ್ ಜೊತೆ ನಿಂತು 171 ರನ್ ಸೇರಿಸಿದ್ರು, ಭಾರತ 10 ವಿಕೆಟ್ಟಿಂದ ಸೋತ್ತು. "ಅವರನ್ನ ಇವತ್ತಿಗೂ ಇಷ್ಟ ಪಡ್ತೀರಲ್ಲ, ಮನೇಲಿರೋ ಹುಡುಗನ್ನ ಯಾಕೆ ಪ್ರಪಂಚ ಗೊತ್ತಿಲ್ದವನು ಅಂತೀರಿ?" ಅಂದೆ. ಅವರು ಉತ್ತರ ಕೊಡ್ಲಿಲ್ಲ, ಆದ್ರೆ ಮನೇಲಿ ಯಾರು ಕೈ ಎತ್ತು ಅಂದಿದ್ದು ಅನ್ನೋ ಪ್ರಶ್ನೆ ಮತ್ತೆ ಕೇಳಿಲ್ಲ ಅಂತ ಹುಡುಗನೇ ಹೇಳ್ದ.

ಶಾಲೆ ಟೀಮಿನ ಕ್ಯಾಪ್ಟನ್ ವಿಷ್ಯ ಇನ್ನೂ ಸೂಕ್ಷ್ಮ. ಅವನ ನಷ್ಟ ನಿಜವಾದದ್ದು. ನೀನು ಮಾಡಿದ್ದು ಸರಿ ಅಂತ ಹೇಳ್ಬಿಟ್ರೆ ಅದು ಕರಗಲ್ಲ. ಅದಕ್ಕೆ ಹುಡುಗನಿಗೆ ಹೇಳಿದ್ದು, ಕೈ ಎತ್ತಿದ್ದಕ್ಕೆ ಸಾರಿ ಕೇಳ್ಬೇಡ, "ಅಣ್ಣ, ನಿನಗೆ ಜಿಲ್ಲೆ ಆಡೋ ಚಾನ್ಸ್ ಹೋಗಿದ್ದಕ್ಕೆ ನನಗೂ ಬೇಜಾರಿದೆ" ಅಂತ ಹೇಳು. ಎರಡೂ ಬೇರೆ ಬೇರೆ ಅಂತ ಅವನಿಗೆ ಅರ್ಥ ಆಯ್ತು, ದೊಡ್ಡವರಿಗೆ ಅರ್ಥ ಮಾಡ್ಸೋದೇ ಕಷ್ಟ.

ಒಪ್ಪಿಗೆ ತಗೊಂಡು ಪೀಟಿ ಸರ್ ಹತ್ರನೂ ಮಾತಾಡ್ದೆ. ಒಳ್ಳೆಯವರು, ಆಡಳಿತ ಮಂಡಳಿಯಿಂದ ಅವರಿಗೂ ಮಾತು ಬಂದಿತ್ತು. ಅವರೇ ಸ್ಕೋರ್ ಶೀಟ್ ತೆಗೆದು ನೋಡಿ, ಫಸ್ಟ್ ಹಾಫಲ್ಲಿ ನಮ್ಮವರು ಆಲ್ಔಟ್ ಆಗಿ (ಇದಕ್ಕೇ ಲೋನಾ ಅನ್ನೋದು) ಎದುರು ಟೀಮಿಗೆ 2 ಪಾಯಿಂಟ್ ಎಕ್ಸ್ಟ್ರಾ ಹೋಗಿತ್ತು, ಅದನ್ನ ಯಾರೂ ಮಾತಾಡ್ತಿಲ್ಲ ಅಂದ್ರು. ಇದನ್ನೇ ಟೀಮ್ ಮುಂದೆ ಹೇಳಿ, ಹುಡುಗನ ಹೆಸರು ಎತ್ತದೆ, ಪ್ರಾಕ್ಟೀಸಲ್ಲಿ ಇರೋ ರೂಲೇ ಮ್ಯಾಚಲ್ಲೂ ಅಂತ ಒಂದು ಮಾತು ಸೇರಿಸಿ ಅಂತ ಕೇಳ್ಕೊಂಡೆ. ಹೇಳಿದ್ರು.

ಹುಡುಗ ಈಗ ಸಂಜೆ ಪ್ರಾಕ್ಟೀಸ್ಗೆ ಹೋಗ್ತಿದ್ದಾನೆ. ಕ್ಯಾಪ್ಟನ್ ಇನ್ನೂ ಸರಿಯಾಗಿ ಮಾತಾಡಲ್ಲ, ಅದಕ್ಕೆ ಬಲವಂತ ಬೇಡ ಅಂದಿದ್ದೀನಿ.

ನಿಮ್ಮನೇಲೂ ಮ್ಯಾಚ್ ಮುಗಿಸಿ ಬಂದ ಮಗು ಹತ್ತು ಹದಿನೈದು ದಿನ ಆದ್ರೂ ಊಟ, ನಿದ್ದೆ, ಶಾಲೆ ಅಂದ್ರೆ ಮುಖ ತಿರುಗಿಸ್ತಿದ್ರೆ ನಾಟಕ ಅಂತ ಬಿಡ್ಬೇಡಿ. ಡಾಕ್ಟರಿಗೆ ಒಂದ್ಸಲ ತೋರಿಸಿ, ಕ್ಲಾಸ್ ಟೀಚರ್ ಹತ್ರ ಹೋಗಿ ಗ್ರೌಂಡಲ್ಲಿ ಏನಾಯ್ತು ಅಂತ ಕೇಳಿ, ಶಾಲೆ ಬದಲಾಯಿಸೋ ಮಾತು ಅದಾದ್ಮೇಲೆ.